‘ನೇರ ವಿಮಾನ’, ‘ನೇರ ದೂರ’: ಈ ‘ನೇರ’ ಯಾವುದು?

ಮಾನ್ಯರೇ,

ವಿದೇಶದಲ್ಲಿರುವ ಮಕ್ಕಳ ಮನೆಗೆ ಮೊದಲ ಸಲ ಹೊರಡುವ ಮೈಸೂರು, ಮಂಡ್ಯ ಸೀಮೆಯ ಹಿರಿಯರಿಗೆಂದು ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ನೇರ ವಿಮಾನ’, ‘ನೇರ ದೂರ’, ‘ಹಾರಾಟದ ಅವಧಿ’ ಎಂಬ ಪ್ರಯೋಗಗಳು ಪದೇ ಪದೇ ಬರುತ್ತವೆ. ಮೂರರ ಬಗೆಗೂ ನನಗೆ ಸಂದೇಹವಿದೆ. ಮೊದಲನೆಯದರ ಬಗೆಗೆ ಹೆಚ್ಚು.

ವಿಮಾನಯಾನದವರ ಮಾತಿನಲ್ಲಿ ‘ಡೈರೆಕ್ಟ್’ ಬೇರೆ, ‘ನಾನ್‌ಸ್ಟಾಪ್’ ಬೇರೆ. ನಡುವೆ ಎಲ್ಲಾದರೂ ಇಳಿದು ಮತ್ತೆ ಏರಿದರೂ ವಿಮಾನದ ಸಂಖ್ಯೆ ಬದಲಾಗದಿದ್ದರೆ ಅದು ‘ಡೈರೆಕ್ಟ್’. ಸಿಡ್ನಿಯಿಂದ ಸಿಂಗಪುರದ ಮೂಲಕ ಲಂಡನ್ನಿಗೆ ಒಂದೇ ಸಂಖ್ಯೆಯಲ್ಲಿ ಹೋಗುವ, ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆಯ ವಿಮಾನ ಇಂಥದ್ದು. ಅದೇ ಸಂಸ್ಥೆ 2018ರಲ್ಲಿ ಪರ್ತ್‌ನಿಂದ ಲಂಡನ್ನಿಗೆ, ಸುಮಾರು 14,500 ಕಿ.ಮೀ. ದೂರವನ್ನು ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಕ್ರಮಿಸುವಂತೆ ಆರಂಭಿಸಿದ್ದು ‘ನಾನ್‌ಸ್ಟಾಪ್’. ಕರಡಿನಲ್ಲಿ ಎರಡಕ್ಕೂ ‘ನೇರ’ ಎಂದೇ ಇದೆ.

ನಮ್ಮ ಬಸ್ ನಿಲ್ದಾಣಗಳು ಈ ತೊಡಕನ್ನು ಎಂದೋ ಬಿಡಿಸಿವೆ. ಮೈಸೂರು–ಬೆಂಗಳೂರು ಬಸ್ಸಿನ ಮುಂದೆ ‘ತಡೆರಹಿತ’ ಎಂಬ ಹಲಗೆ ಕಂಡರೆ ಮಂಡ್ಯದಲ್ಲಿ ಇಳಿಯಬೇಕಾದವರು ಹತ್ತದೆ ಹಿಂದೆ ಸರಿಯುತ್ತಾರೆ. ಹಳ್ಳಿಯವರು ‘ಡೈರೆಕ್ಟ್ ಬಸ್ಸು’ ಎನ್ನುವುದಾದರೋ ಊರೂರಿಗೂ ನಿಲ್ಲುತ್ತಲೇ ಹೋಗುವ, ಆದರೆ ನಡುವೆ ಬಸ್ಸು ಬದಲಿಸುವ ತೊಂದರೆಯಿಲ್ಲದ ಗಾಡಿಯನ್ನು. ವಿಮಾನಯಾನದ ಅರ್ಥವೂ ಹೆಚ್ಚುಕಡಿಮೆ ಇದೇ. ‘ತಡೆ’ ಎಂದರೆ ಅಡ್ಡಿಯೇ ಹೊರತು ನಿಲುಗಡೆಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಜನ ಹಲಗೆ ಓದಿ ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತಿರುವಾಗ ಹೊಸ ಪದ ಟಂಕಿಸುವ ಅಗತ್ಯ ನನಗೆ ಕಾಣುವುದಿಲ್ಲ.

‘ನೇರ ದೂರ’ದ ಕಷ್ಟ ಇನ್ನೊಂದು ಬಗೆಯದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ಎನ್ನುವಾಗ ಲೆಕ್ಕಕ್ಕೆ ಬರುವುದು ಭೂಗೋಳದ ಮೇಲೆ ದಾರ ಬಿಗಿದು ಅಳೆದಷ್ಟು ದೂರ. ಗೋಡೆಯ ನಕ್ಷೆಯ ಮೇಲೆ ಅದೇ ದಾರಿ ಉತ್ತರ ಧ್ರುವದ ಕಡೆಗೆ ಬಾಗಿದ ಗೆರೆಯಾಗಿ ಕಾಣುತ್ತದೆ. ಅದನ್ನು ‘ನೇರ’ ಎಂದರೆ ಹಿರಿಯರು ನಂಬುವುದು ಹೇಗೆ? ದಾರ ಬಿಗಿದು ಅಳೆದ ಈ ದೂರಕ್ಕಿರುವ ‘ಮಹಾವೃತ್ತದ ದೂರ’ ಎಂಬ ಹೆಸರು ಶಾಸ್ತ್ರಕ್ಕೆ ಸರಿ, ಕೈಪಿಡಿಗೆ ಭಾರ. ‘ಕಾಗೆ ಹಾರಿದ ದೂರ’ ಇಂಗ್ಲಿಷಿನಿಂದ ಎತ್ತಿ ತಂದದ್ದು, ಮೇಲಾಗಿ ನಮ್ಮ ಕಾಗೆಗಳು ನೆಟ್ಟಗೆ ಹಾರಿದ್ದನ್ನು ಯಾರೂ ಕಂಡಂತಿಲ್ಲ. ‘ಆಕಾಶಮಾರ್ಗದ ದೂರ’ ಎಂದರೆ ಸಾಕೆಂದು ನನ್ನ ಅನಿಸಿಕೆ.

ಇನ್ನು ಅವಧಿ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ವಿಮಾನವು ನಿಲುಗಡೆಯ ಜಾಗದಿಂದ ಕದಲಿದಾಗಿನಿಂದ ತಲುಪಿದ ಊರಿನಲ್ಲಿ ನಿಲ್ಲುವವರೆಗಿನದು, ಗಾಳಿಯಲ್ಲಿರುವಷ್ಟೇ ಅಲ್ಲ. ಹಾಗಾಗಿ ‘ಹಾರಾಟದ ಅವಧಿ’ ಎಂಬುದು ಕಿರಿದಾಯಿತು. ‘ಪ್ರಯಾಣದ ಅವಧಿ’ ಎಂದರೆ ಮೈಸೂರಿನಿಂದ ದೇವನಹಳ್ಳಿಯವರೆಗಿನ ರಸ್ತೆಯೂ ಸೇರಿಬಿಡುತ್ತದೆ. ಸಾಲದ್ದಕ್ಕೆ ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ಹೊತ್ತುಗಳು ಆಯಾ ಊರಿನ ಗಡಿಯಾರದವು. ಚಳಿಗಾಲದಲ್ಲಿ ಬೆಂಗಳೂರನ್ನು ಬೆಳಿಗ್ಗೆ 7ಕ್ಕೆ ಬಿಟ್ಟ ವಿಮಾನ ಹತ್ತೂವರೆ ಗಂಟೆ ಸಾಗಿ ಲಂಡನ್ ತಲುಪಿದಾಗ ಅಲ್ಲಿ ಮಧ್ಯಾಹ್ನ 12 ಆಗಿರುತ್ತದೆ. ಏಳರಿಂದ ಹನ್ನೆರಡಕ್ಕೆ ಐದೇ ಗಂಟೆ ಎಂದು ಲೆಕ್ಕ ಹಾಕಿ ಮಧುಮೇಹದ ಮಾತ್ರೆಯ ಹೊತ್ತನ್ನು ಗೊತ್ತುಮಾಡಿಕೊಂಡವರಿಗೆ ತೊಂದರೆಯಾದೀತು. ಆದ್ದರಿಂದ ‘ಸ್ಥಳೀಯ ವೇಳೆ’ ಎಂಬ ಪದವನ್ನು ಕೈಪಿಡಿಯಲ್ಲಿ ಎರಡೂ ಹೊತ್ತುಗಳ ಪಕ್ಕದಲ್ಲಿ ತಪ್ಪದೆ ಬರೆಯಬೇಕೆಂದಿದ್ದೇನೆ.

ನಡುವೆ ಬದಲಿಸಬೇಕಿಲ್ಲದ್ದು ‘ನೇರ’, ನಡುವೆ ಇಳಿಯದ್ದು ‘ತಡೆರಹಿತ’ ಎಂದು ಗೊತ್ತುಪಡಿಸಿದರೆ ಒಪ್ಪಿಗೆಯಾದೀತೇ? ಕದಲಿದಾಗಿನಿಂದ ನಿಲ್ಲುವವರೆಗಿನ ಆ ಅವಧಿಗೆ ಬಳಕೆಯಲ್ಲಿರುವ ಚಿಕ್ಕ ಪದವೇನಾದರೂ ಇದ್ದರೆ ದಯವಿಟ್ಟು ತಿಳಿಸಿ.