ಹಿತ್ತಲಿನ ರೈಲು: ಗಾಡಿ, ನಿಲ್ದಾಣಗಳನ್ನು ಕಡಿಮೆ ಖರ್ಚಿನಲ್ಲಿ ಕೈಯಾರೆ ಮಾಡುವ ಬಗೆ

ಪ್ರಶ್ನೆ (ಕೋಥ್ರೂಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಹುಬ್ಬಳ್ಳಿಯವರು, ಪುಣೆಯಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಮನೆಯ ಹಿಂದೆ ಆರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಹಿತ್ತಲಿದೆ. ಇಲ್ಲಿಯ ಜೋಶಿಯವರ ಕಿರು ರೈಲ್ವೆ ಸಂಗ್ರಹಾಲಯವನ್ನು ನೋಡಿ ಬಂದ ದಿನದಿಂದ ನನ್ನ ಮಗನಿಗೆ ಹಿತ್ತಲಿನಲ್ಲೇ ಒಂದು ರೈಲು ಓಡಬೇಕೆಂಬ ಆಸೆ ಹುಟ್ಟಿದೆ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ ಆಸೆಯಿದೆ. ಪರಿಚಯದವರೊಬ್ಬರು ವಿದೇಶದಿಂದ ಬರುವಾಗ 45 ಮಿ.ಮೀ. ಅಗಲದ ಹಳಿಯ ಹನ್ನೆರಡು ಬಾಗಿದ ತುಂಡುಗಳನ್ನು ತಂದುಕೊಟ್ಟರು. ಅವನ್ನು ಜೋಡಿಸಿದರೆ 1.2 ಮೀಟರ್ ವ್ಯಾಸದ ಪೂರ್ಣ ವೃತ್ತವಾಗುತ್ತದೆ. ಸಿದ್ಧ ಎಂಜಿನ್, ಬೋಗಿಗಳ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಮಗನಿಗೆ ಗುಡ್ಡ ಹತ್ತುವ ಪುಟ್ಟ ಮಾಥೇರಾನ್ ರೈಲುಗಾಡಿಯೇ ಬೇಕು. ಮೊದಲ ಪ್ರಯತ್ನವಾಗಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಮತ್ತು ಫೆವಿಕಾಲ್ ಬಳಸಿ ಒಂದು ನಿಲ್ದಾಣವನ್ನು ಮಾಡಿ, ಬಣ್ಣ ಬಳಿದು ಹೊರಗಿಟ್ಟೆವು. ಜೂನ್ ತಿಂಗಳ ಎರಡೇ ಮಳೆಗೆ ಅದರ ಗೋಡೆಗಳು ಉಬ್ಬಿ, ಬೆಸುಗೆಗಳೆಲ್ಲ ಬಿಟ್ಟುಕೊಂಡವು. ಮಗ ಆ ದಿನವೆಲ್ಲ ಮಾತಾಡಲಿಲ್ಲ. ಯಾವ ಅಳತೆಯನ್ನು ಹಿಡಿಯಬೇಕು, ಯಾವ ವಸ್ತು ಮಳೆ ಬಿಸಿಲುಗಳನ್ನು ತಾಳುತ್ತದೆ, ನೇರ ಹಳಿಯನ್ನು ಮನೆಯಲ್ಲೇ ಮಾಡಬಹುದೇ ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1 (ವಾಸ್ಕೋ, ಗೋವಾ)

ನಮಸ್ಕಾರ ಮೇಡಂ. ತಾವು ಹಲಗೆ ಕೊಯ್ಯುವ ಮೊದಲು ಅಳತೆಯ ಲೆಕ್ಕವನ್ನು ಮುಗಿಸಿಕೊಳ್ಳಬೇಕು. ಮಾಥೇರಾನ್ ಹಳಿಯ ಅಗಲ 610 ಮಿ.ಮೀ. ಅದನ್ನು ತಮ್ಮ 45 ಮಿ.ಮೀ. ಹಳಿಗೆ ಹೊಂದಿಸಿದರೆ ಪ್ರಮಾಣ ಸುಮಾರು 1:13.6 ಆಗುತ್ತದೆ (ಅಂದರೆ ಮಾದರಿ ನಿಜದ ಅಳತೆಯ 13.6ರಲ್ಲಿ ಒಂದು ಭಾಗ), ಎರಡು ಮೀಟರ್ ಎತ್ತರದ ಬಾಗಿಲು 147 ಮಿ.ಮೀ. ಬರುತ್ತದೆ, ಹಾಗಾಗಿ ಒಂದು ಸಣ್ಣ ನಿಲ್ದಾಣವೇ ಹಿತ್ತಲಿನ ಕಾಲುಭಾಗವನ್ನು ನುಂಗುತ್ತದೆ. ಎರಡು ಅಡಿ ಗೇಜಿನ (ಹಳಿ ಅಗಲದ) ಗಾಡಿಗಳನ್ನು ಮಾಡುವವರಲ್ಲಿ ಅನೇಕರು ಈ ಕಾರಣಕ್ಕೇ 32 ಮಿ.ಮೀ. ಹಳಿಯನ್ನು ಹಿಡಿದು 1:19ರಲ್ಲಿ ಕೆಲಸ ಮಾಡುತ್ತಾರೆ. ಆದರೆ ತಮ್ಮ ಬಳಿ 45ರ ಹಳಿ ಈಗಾಗಲೇ ಇರುವುದರಿಂದ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಗ ಪ್ರಮಾಣ ಸುಮಾರು 1:22.5 ಆಗುತ್ತದೆ, ಅದೇ ಬಾಗಿಲು 89 ಮಿ.ಮೀ.ಗೆ ಇಳಿಯುತ್ತದೆ.

ಹುಬ್ಬಳ್ಳಿಯವರಿಗೆ ಮೀಟರ್‌ಗೇಜಿನ ನೆನಪನ್ನು ನಾನು ಹೇಳಿಕೊಡಬೇಕಾಗಿಲ್ಲ. ಲೋಂಡಾ, ಕ್ಯಾಸಲ್‌ರಾಕ್ ದಾಟಿ, ದೂಧ್‌ಸಾಗರದ ಎದುರು ಹಾದು, ಕುಳೆಂಗೆ ಇಳಿದು ವಾಸ್ಕೋ ಸೇರುತ್ತಿದ್ದ ಆ ಗಾಡಿ 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಗುವವರೆಗೂ ಓಡಿತು. ನಾನು ಮಾಡುತ್ತಿರುವುದು ಆ ಮಾರ್ಗವನ್ನೇ. ಆ ಘಟ್ಟದ ಇಳಿಜಾರು 37ಕ್ಕೆ 1. ತಮ್ಮ ಆರು ಮೀಟರಿನಲ್ಲಿ ಅದು 16 ಸೆಂ.ಮೀ. ಏರಾಗುತ್ತದೆ, ಮನೆಯಲ್ಲಿ ಮಾಡಿದ ಹಗುರ ಎಂಜಿನ್ನಿಗೆ ಅಷ್ಟು ಏರು ಹತ್ತುವುದು ಕಷ್ಟ. ಹಳಿಯನ್ನು ಸಮತಟ್ಟಾಗಿಟ್ಟು, ಹಿಂದಿನ ಮಣ್ಣನ್ನು ಕಲ್ಲು ಜೋಡಿಸಿ ಎತ್ತರಿಸಿದರೆ ಘಟ್ಟದ ನೋಟ ತಾನಾಗಿ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಮೀಟರ್‌ಗೇಜಿನ ಪೂರ್ಣ ಬೋಗಿ ಸುಮಾರು 19.5 ಮೀಟರ್ ಉದ್ದ, ಅಂದರೆ ಮಾದರಿಯಲ್ಲಿ 86 ಸೆಂ.ಮೀ.ಗೂ ಹೆಚ್ಚು. 60 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಅದು ನಿಲ್ಲಲಾರದು. ನಾಲ್ಕು ಚಕ್ರದ ಗೂಡ್ಸ್ ವ್ಯಾಗನ್ನುಗಳಿಂದ ಆರಂಭಿಸಿ, ಬೋಗಿ ಮಾಡುವಾಗ ಕಿಟಕಿಗಳ ಅಳತೆಯನ್ನು ಹಾಗೆಯೇ ಉಳಿಸಿಕೊಂಡು ಅವುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿರಿ.

ಉತ್ತರ 2 (ಡೊಂಬಿವಲಿ, ಠಾಣೆ ಜಿಲ್ಲೆ)

ವಾಸ್ಕೋದವರ ಲೆಕ್ಕಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಕಟ್ಟಡಗಳ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಐದು ಮಳೆಗಾಲಗಳಲ್ಲಿ ನಾನು ಕಳೆದುಕೊಂಡದ್ದು ಹೆಚ್ಚಾಗಿ ಕಟ್ಟಡಗಳನ್ನೇ.

ಅಂಗಡಿಗಳ ನಾಮಫಲಕ ಮಾಡುವವರ ಬಳಿ ಸನ್‌ಬೋರ್ಡ್ ಎಂಬ ಹಗುರ ಹಲಗೆಯ ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಕೇಳಿದರೆ ಬಹುತೇಕ ಪುಕ್ಕಟೆಯಾಗಿಯೇ ಕೊಡುತ್ತಾರೆ. ಆ ಹೆಸರಿನಲ್ಲಿ ಎರಡು ಬಗೆಯ ಹಲಗೆಗಳು ಸಿಗುತ್ತವೆ. ಎರಡೂ ಮೈಗೆ ಕಾಗದ ಅಂಟಿಸಿದ್ದು ಮಳೆಗೆ ನಿಲ್ಲುವುದಿಲ್ಲ, ಇಡೀ ದಪ್ಪ ಪಿವಿಸಿಯೇ ಆಗಿರುವುದನ್ನು ಆರಿಸಿಕೊಳ್ಳಬೇಕು. ಗೋಡೆಗೆ 5 ಮಿ.ಮೀ., ಬಾಗಿಲು ಕಿಟಕಿಗಳ ಚೌಕಟ್ಟಿಗೆ 3 ಮಿ.ಮೀ. ಸಾಕು. ಹರಿತವಾದ ಕಟ್ಟರ್‌ನಿಂದ ಎರಡು ಮೂರು ಸಲ ಗೀರಿದರೆ ತುಂಡಾಗುತ್ತದೆ. ಅಂಟಿಗೆ ನಲ್ಲಿ ಕೆಲಸದವರು ಪಿವಿಸಿ ಕೊಳವೆಗಳಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟನ್ನು ಕಿಟಕಿ ತೆರೆದಿಟ್ಟುಕೊಂಡು ಬಳಸಿರಿ. ಅದು ಎರಡು ತುಂಡುಗಳನ್ನೂ ಕರಗಿಸಿ ಒಂದಾಗಿಸುವುದರಿಂದ ನೀರಿಗೆ ಬಿಡುವುದಿಲ್ಲ. ಬಿಳಿಯ ಫೆವಿಕಾಲ್ ಒಣಗಿದ ಮೇಲೂ ನೀರು ಕುಡಿದು ಮೆತ್ತಗಾಗುತ್ತದೆ. ತಮ್ಮ ನಿಲ್ದಾಣದ ಬೆಸುಗೆ ಬಿಟ್ಟದ್ದು ಇದರಿಂದ, ಗೋಡೆ ಉಬ್ಬಿದ್ದು ಎಂಡಿಎಫ್‌ನಿಂದ.

ಮಂಗಳೂರು ಹೆಂಚಿನ ಮಾಡು ಮಾಡುವ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಈ ಪ್ರಮಾಣದಲ್ಲಿ ಒಂದು ಹೆಂಚು ಸುಮಾರು 18 ಮಿ.ಮೀ. ಉದ್ದ, 11 ಮಿ.ಮೀ. ಅಗಲ ಬರುತ್ತದೆ. ಒಂದೊಂದನ್ನೇ ಕತ್ತರಿಸಬೇಕಾಗಿಲ್ಲ. 1 ಮಿ.ಮೀ. ಪಿವಿಸಿ ಹಾಳೆಯಿಂದ 18 ಮಿ.ಮೀ. ಅಗಲದ ಪಟ್ಟಿಗಳನ್ನು ಕೊಯ್ದು, ಪ್ರತಿ 11 ಮಿ.ಮೀ.ಗೆ ಒಂದು ಆಳವಾದ ಗೀರು ಹಾಕಿ, ಸೂರಿನ ಕಡೆಯಿಂದ ಮೇಲಕ್ಕೆ ಒಂದರ ಮೇಲೊಂದು ತುಸು ಹತ್ತಿಸುತ್ತ ಅಂಟಿಸಿದರೆ ಮಳೆನೀರು ನಿಜವಾದ ಮಾಡಿನ ಮೇಲೆ ಜಾರುವ ಹಾಗೆಯೇ ಜಾರುತ್ತದೆ. ಗೋಡೆಯ ಹೊರಮೈಗೆ ಮನೆಯ ಹೊರಗೋಡೆಗೆ ಬಳಿಯುವ ಎಮಲ್ಷನ್ನನ್ನೇ ಎರಡು ಸಲ ಹಚ್ಚಿರಿ. ಬಿಸಿಲನ್ನು ತಡೆಯುವುದು ಈ ಬಣ್ಣವೇ. ಕಡುಗಪ್ಪು ಮಾತ್ರ ಬೇಡ, ಮೇ ತಿಂಗಳ ಬಿಸಿಲಿಗೆ ಕಪ್ಪು ಬಳಿದ ಪಿವಿಸಿ ಕಾದು ಬಾಗುತ್ತದೆ. ಕಟ್ಟಡಕ್ಕೆ ತಳ ಹಾಕದೆ, ಒಂದು ಹಳೆಯ ನೆಲದ ಟೈಲ್ಸ್ ಮೇಲೆ ಮುಚ್ಚಳದಂತೆ ಕೂರಿಸಿದರೆ ಒಳಗೆ ನೀರು ನಿಲ್ಲುವುದಿಲ್ಲ, ಜೋರು ಮಳೆ ಬಂದಾಗ ಎತ್ತಿ ಒಳಗಿಡಲೂ ಸುಲಭ.

ಮರುಪ್ರಶ್ನೆ (ಕೋಥ್ರೂಡ್, ಪುಣೆ)

ಇಬ್ಬರಿಗೂ ಅನಂತ ಧನ್ಯವಾದಗಳು. ಹುಬ್ಬಳ್ಳಿ–ವಾಸ್ಕೋ ಗಾಡಿಯ ಕತೆಯನ್ನು ತನ್ನ ಅಜ್ಜನಿಂದ ಫೋನಿನಲ್ಲಿ ಕೇಳಿದ ಮೇಲೆ ಮಗ ಮೀಟರ್‌ಗೇಜಿಗೆ ಒಪ್ಪಿದ್ದಾನೆ. ಈಗ ಉಳಿದಿರುವುದು ನೇರ ಹಳಿ, ಚಕ್ರ ಮತ್ತು ಮೋಟರ್.

ಉತ್ತರ 3 (ಭೋಸರಿ, ಪುಣೆ)

ಮೇಡಂ, ನಾನು ಲೇಥ್ ಕೆಲಸದವನು, ಊರು ಇಂಡಿ. ಉಳಿದ ಎಲ್ಲದರಲ್ಲೂ ಹಣ ಉಳಿಸಿರಿ, ಆದರೆ ಚಕ್ರದಲ್ಲಿ ಉಳಿಸಬೇಡಿರಿ. ಚಕ್ರ ತುಸು ಓರೆಯಾದರೂ ಗಾಡಿ ದಿನಕ್ಕೆ ಹತ್ತು ಸಲ ಹಳಿ ತಪ್ಪುತ್ತದೆ. ನೈಲಾನ್ ಸರಳಿನಿಂದ ಚಕ್ರಗಳನ್ನು ಕಡೆಸಿ, ಎರಡು ಚಕ್ರಗಳ ಒಳಮೈಗಳ ನಡುವೆ ಸರಿಯಾಗಿ 40 ಮಿ.ಮೀ. ಇರುವಂತೆ ಉಕ್ಕಿನ ಅಚ್ಚಿಗೆ (ಆಕ್ಸಲ್‌ಗೆ) ಕೂರಿಸಬೇಕು. ಹಳಿಯ ಮೇಲೆ ಉರುಳುವ ಮೈ 20ಕ್ಕೆ 1ರಂತೆ ಓರೆಯಾಗಿರಲಿ. ನಿಜವಾದ ರೈಲಿನ ಚಕ್ರವೂ ಹಾಗೆಯೇ ಇರುತ್ತದೆ, ಗಾಡಿ ತನ್ನಷ್ಟಕ್ಕೆ ಹಳಿಯ ನಡುವಿಗೆ ಬರುವುದು ಆ ಓರೆಯಿಂದ.

ಗಾಡಿಯೊಳಗೇ ಬ್ಯಾಟರಿ ಇಟ್ಟರೆ ಹಳಿಯಲ್ಲಿ ವಿದ್ಯುತ್ ಹರಿಯಬೇಕಾಗಿಲ್ಲ. ಆಗ ದುಬಾರಿಯಾದ ಹಿತ್ತಾಳೆ ಹಳಿಯೂ ಬೇಡ. ಅಲ್ಯೂಮಿನಿಯಂ ಪಟ್ಟಿಯನ್ನು ಬಡಗಿಯ ಬಳಿ ಸಿಗುವ ತೇಗದ ಚೂರುಗಳಲ್ಲಿ ಕಿರಿದಾದ ಸೀಳು ಕೊರೆದು ನಿಲ್ಲಿಸಿದರೆ ನೇರ ಹಳಿ ಸಿದ್ಧ. ಎರಡು ಮೀಟರಿನ ಪಟ್ಟಿ 30 ಡಿಗ್ರಿ ಬಿಸಿ ಏರಿದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ ಹಾಸುವಾಗ ಪ್ರತಿ ಕೂಡಿನಲ್ಲಿ 2 ಮಿ.ಮೀ. ಸಂದು ಬಿಡಿರಿ.

ಮೋಟರ್ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತದೆ. 12 ವೋಲ್ಟಿನ ಗೇರ್ ಮೋಟರ್ ಕೇಳಿರಿ. 30 ಮಿ.ಮೀ. ಚಕ್ರಕ್ಕೆ ನಿಮಿಷಕ್ಕೆ 100 ಸುತ್ತಿನದನ್ನು ಹಾಕಿದರೆ ಪ್ರಮಾಣದ ಲೆಕ್ಕದಲ್ಲಿ ಗಂಟೆಗೆ 13 ಕಿ.ಮೀ. ಮಾತ್ರ ಬರುತ್ತದೆ. 300 ಸುತ್ತಿನದು 38 ಕಿ.ಮೀ. ಕೊಡುತ್ತದೆ, ವೇಗ ತಗ್ಗಿಸುವ ಪುಟ್ಟ ಸರ್ಕ್ಯೂಟ್ ಜೊತೆಗಿದ್ದರೆ ನಿಲ್ದಾಣಕ್ಕೆ ನಿಧಾನವಾಗಿ ಬಂದು ನಿಲ್ಲಿಸಲೂ ಆಗುತ್ತದೆ. ಮೂರು ಲಿಥಿಯಂ ಸೆಲ್‌ಗಳನ್ನು ರಕ್ಷಣಾ ಸರ್ಕ್ಯೂಟ್ ಸಮೇತ ಹಾಕಿರಿ, ಚಾರ್ಜ್ ಮಾಡುವಾಗ ಮಾತ್ರ ಹುಡುಗನನ್ನು ಒಬ್ಬನೇ ಬಿಡಬೇಡಿರಿ. ಉಗಿ ಎಂಜಿನ್ನಿನ ಬಾಯ್ಲರಿಗೆ 63 ಮಿ.ಮೀ. ಪಿವಿಸಿ ಪೈಪ್ ಚೆನ್ನಾಗಿ ಹೊಂದುತ್ತದೆ, ಅದು ನಿಜದಲ್ಲಿ 1.4 ಮೀಟರ್ ವ್ಯಾಸಕ್ಕೆ ಸಮ.

ಮೊದಲ ನಾಲ್ಕು ಜೋಡಿ ಚಕ್ರಗಳನ್ನು ನಾನೇ ಕಡೆದುಕೊಡುತ್ತೇನೆ. ನೈಲಾನ್ ತುಂಡುಗಳು ನಮ್ಮಲ್ಲಿ ಉಳಿದಿರುತ್ತವೆ, ಹಣವೇನೂ ಬೇಡ. ತಮ್ಮ ಹಳಿಯ ಒಂದು ತುಂಡನ್ನು ತಂದರೆ ಅದರ ಮೇಲೆಯೇ ಉರುಳಿಸಿ ನೋಡಿ ಕೊಡಬಹುದು. ಮಗನನ್ನೂ ಕರೆತನ್ನಿರಿ, ಚಕ್ರ ಹೇಗೆ ಹುಟ್ಟುತ್ತದೆಂದು ಅವನು ನೋಡಲಿ.