‘ಇಮೇಜಿಂಗ್ ಮಾಸ್ ಸ್ಪೆಕ್ಟ್ರೋಮೆಟ್ರಿ’ಗೆ ಕನ್ನಡದಲ್ಲಿ ಏನೆನ್ನೋಣ? ಜೊತೆಗೆ ರೆಕ್ಕೆಯ ನರ–ನಾಳದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗಾಗಿ ಕೀಟಗಳ ರೆಕ್ಕೆಯ ರಸಾಯನವನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. ರೆಕ್ಕೆಯ ಯಾವ ಜಾಗದಲ್ಲಿ ಯಾವ ಅಣು ಎಷ್ಟಿದೆ ಎಂದು ತೋರಿಸುವ ‘ಇಮೇಜಿಂಗ್ ಮಾಸ್ ಸ್ಪೆಕ್ಟ್ರೋಮೆಟ್ರಿ’ ಎಂಬ ವಿಧಾನದ ಹೆಸರಿನ ಬಳಿಯೇ ಸಿಕ್ಕಿಕೊಂಡು ಒಂದು ವಾರವಾಯಿತು. ‘ದ್ರವ್ಯರಾಶಿ ರೋಹಿತಮಾಪನ ಬಿಂಬನ’ ಎಂದು ಬರೆದೆ, ಗಟ್ಟಿಯಾಗಿ ಓದಿದೆ, ಹೊಡೆದುಹಾಕಿದೆ. ಬಲ್ಲವರ ನೆರವು ಬೇಕು.

ಕೆಲಸ ನಡೆಯುವ ಬಗೆಯನ್ನು ಮೊದಲು ಹೇಳುತ್ತೇನೆ. ರಂಗೋಲಿಗೆ ಚುಕ್ಕಿ ಇಟ್ಟಂತೆ ರೆಕ್ಕೆಯ ಮೇಲೆ ಸಾಲಾಗಿ, ಒಂದೊಂದೇ ಚುಕ್ಕಿಗೆ ಲೇಸರ್ ಹಾಯಿಸುತ್ತಾರೆ. ಆ ಜಾಗದ ಅಣುಗಳು ವಿದ್ಯುದಂಶ ಹೊತ್ತು ಮೇಲೇಳುತ್ತವೆ. ಉಪಕರಣವು ಅವುಗಳ ದ್ರವ್ಯರಾಶಿಗೂ ವಿದ್ಯುದಂಶಕ್ಕೂ ಇರುವ ಅನುಪಾತವನ್ನು ನೋಡಿ ಬೇರ್ಪಡಿಸಿ, ಯಾವುದು ಎಷ್ಟಿದೆ ಎಂದು ಪಟ್ಟಿ ಕೊಡುತ್ತದೆ. ಸಾವಿರಾರು ಚುಕ್ಕಿಗಳಿಗೆ ಸಾವಿರಾರು ಪಟ್ಟಿಗಳು. ಆಮೇಲೆ ಒಂದೇ ಒಂದು ಅಣುವನ್ನು ಆರಿಸಿಕೊಂಡು, ಅದು ಹೆಚ್ಚಿರುವಲ್ಲಿ ಗಾಢವಾಗಿ, ಕಡಿಮೆ ಇರುವಲ್ಲಿ ತೆಳುವಾಗಿ ಬಣ್ಣ ತುಂಬಿದರೆ ರೆಕ್ಕೆ ಮೂಡುತ್ತದೆ. ಬೇರೆ ಅಣುವನ್ನು ಆರಿಸಿದರೆ ಅದೇ ರೆಕ್ಕೆಯ ಬೇರೆಯೇ ಚಿತ್ರ.

ಹಾಗಾಗಿ ‘ಬಿಂಬ’ ನನಗೆ ಒಗ್ಗುತ್ತಿಲ್ಲ. ಬಿಂಬ ಎಂದೊಡನೆ ಕನ್ನಡಿ, ಮಸೂರ, ಬೆಳಕು ನೆನಪಾಗುತ್ತವೆ. ಇಲ್ಲಿ ಬೆಳಕು ಅಣುಗಳನ್ನು ಎಬ್ಬಿಸುವುದಕ್ಕೆ ಮಾತ್ರ; ಚಿತ್ರ ಬರೆಯುವುದು ತೂಕ. ಪತ್ರಿಕೆಯಲ್ಲಿ ತಾಲ್ಲೂಕುವಾರು ಮಳೆಯ ನಕ್ಷೆ ಬರುತ್ತದಲ್ಲ, ಇದು ಅದರ ಜಾತಿಯದು. ‘ಅಣುತೂಕದ ನಕ್ಷೆ’ ಎಂದರೆ ಹೇಗೆ? ತೂಕ ಬೇರೆ, ದ್ರವ್ಯರಾಶಿ ಬೇರೆ ಎಂದು ಭೌತವಿಜ್ಞಾನದವರು ಆಕ್ಷೇಪಿಸಬಹುದು. ಆದರೆ ‘ಅಣುತೂಕ’ ಪಾಠದಲ್ಲಿ ಬಳಸಿ ಸವೆದ ಮಾತು. ಅದರಿಂದ ಯಾರಿಗೂ ಗೊಂದಲವಾದದ್ದನ್ನು ನಾನು ಕಂಡಿಲ್ಲ.

ಸ್ಪೆಕ್ಟ್ರಮ್ ಎಂಬುದಕ್ಕೆ ಇರುವ ‘ರೋಹಿತ’ವನ್ನು ಮಾತ್ರ ಬಿಡಲು ಮನಸ್ಸಿಲ್ಲ. ಬಣ್ಣವೇ ಇಲ್ಲದ ಪಟ್ಟಿಗೆ ‘ವರ್ಣಪಟಲ’ ಎನ್ನುವುದು ತಪ್ಪು. ಅಮರಕೋಶವು ಇಂದ್ರಾಯುಧ, ಶಕ್ರಧನುಸ್ಸು ಎಂದು ಕಾಮನಬಿಲ್ಲಿನ ಹೆಸರು ಹೇಳಿ, ಅದೇ ಬಾಗದೆ ನೆಟ್ಟಗಿದ್ದರೆ ‘ರೋಹಿತ’ ಎನ್ನುತ್ತದೆ. ಹಗುರವಾದದ್ದರಿಂದ ಭಾರವಾದದ್ದರವರೆಗೆ ಒಂದೇ ಗೆರೆಯಲ್ಲಿ ಸಾಲಾಗಿ ನಿಲ್ಲಿಸಿದ ಅಣುಗಳಿಗೆ ಇದಕ್ಕಿಂತ ಚೆಲುವಾದ ಪದ ಸಿಗದು. ‘ರೋಹಿತ’ಕ್ಕೆ ‘ಕೆಂಪು’ ಎಂಬ ಅರ್ಥವೂ ಇದೆ ಎಂದು ಅದನ್ನು ದೂರವಿಡುವವರು ಈ ಅರ್ಥವನ್ನೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಷ್ಟ ಕೊಡುತ್ತಿರುವುದು ‘ಮ್ಯಾಟ್ರಿಕ್ಸ್’. ಗಣಿತದ ‘ಮಾತೃಕೆ’ ಇಲ್ಲಿ ಸಲ್ಲದು. ಮಾಲ್ಡಿ ಎಂಬ ವಿಧಾನದಲ್ಲಿ ಮಾದರಿಯ ಮೇಲೆ ಒಂದು ರಾಸಾಯನಿಕವನ್ನು ಸವರುತ್ತಾರೆ; ಮ್ಯಾಟ್ರಿಕ್ಸ್ ಎನ್ನುವುದು ಅದಕ್ಕೆ. ಲೇಸರ್‌ನ ಶಕ್ತಿಯನ್ನು ಹೀರಿಕೊಂಡು ಅಣುಗಳನ್ನು ಒಡೆಯದಂತೆ ಎತ್ತಿಕೊಡುವುದು ಅದೇ. ರೆಕ್ಕೆಯ ಮೇಲಿನ ಮೇಣದಲ್ಲಿ ಬಹುಪಾಲು ಇರುವ ಹೈಡ್ರೋಕಾರ್ಬನ್‌ಗಳು ಸುಲಭವಾಗಿ ವಿದ್ಯುದಂಶ ಹೊರುವಂಥವಲ್ಲ. 2010ರಲ್ಲಿ ಪ್ರಾಗ್ ಮತ್ತು ಜೆನಾದ ಸಂಶೋಧಕರು ಲಿಥಿಯಂ ಲವಣವೊಂದನ್ನು ಮ್ಯಾಟ್ರಿಕ್ಸ್ ಆಗಿ ಬಳಸಿದರು. ಲಿಥಿಯಂ ಅಯಾನು ಆ ಅಣುಗಳಿಗೆ ಅಂಟಿಕೊಂಡು ವಿದ್ಯುದಂಶ ಒದಗಿಸಿತು, ನೊಣದ ರೆಕ್ಕೆಯ ಮೇಣದ ನಕ್ಷೆ ಬಂತು. ಇಷ್ಟೇ ಆಗಿದ್ದರೆ ‘ಲೇಪ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ 2007ರಲ್ಲಿ ಬಂದ ಲೇಸಿ ಎಂಬ ಇನ್ನೊಂದು ವಿಧಾನದಲ್ಲಿ ಏನನ್ನೂ ಸವರುವುದಿಲ್ಲ. ನೀರು ಚೆನ್ನಾಗಿ ಹೀರುವ 2.94 ಮೈಕ್ರೋಮೀಟರ್ ಅಲೆಯುದ್ದದ ಲೇಸರನ್ನು ಬಳಸುವುದರಿಂದ ಮಾದರಿಯ ಒಳಗಿನ ನೀರೇ ಮ್ಯಾಟ್ರಿಕ್ಸ್ ಆಗುತ್ತದೆ. ಒಳಗಿರುವುದನ್ನು ‘ಲೇಪ’ ಎನ್ನುವುದು ಹೇಗೆ?

ಚೂರ್ಣವನ್ನು ಜೇನಿನಲ್ಲಿ ಕಲಸಿ ಕೊಡುತ್ತಿದ್ದ ನಮ್ಮ ಅಜ್ಜಿ ಜೇನನ್ನು ‘ಅನುಪಾನ’ ಎನ್ನುತ್ತಿದ್ದರು. ತಾನು ಮದ್ದಲ್ಲ, ಮದ್ದನ್ನು ಒಯ್ಯುವುದು. ಮ್ಯಾಟ್ರಿಕ್ಸ್ ಮಾಡುವ ಕೆಲಸ ಅಕ್ಷರಶಃ ಇದು. ‘ಪಾನ’ ಎಂಬ ಭಾಗವಷ್ಟೇ ಅಡ್ಡ ಬರುತ್ತಿದೆ. ‘ವಾಹಕ’ ಎಂದರೆ ತಾಮ್ರದ ತಂತಿ ನೆನಪಾಗುತ್ತದೆ. ಆಯುರ್ವೇದದವರು ಯಾರಾದರೂ ಇದ್ದರೆ, ಕುಡಿಯುವ ಸಂಬಂಧವಿಲ್ಲದೆ ಇದೇ ಅರ್ಥ ಕೊಡುವ ಮಾತು ಇದೆಯೇ ಹೇಳಿ.

ಇನ್ನು ರೆಕ್ಕೆಯ ಗೆರೆಗಳು. ಎಲೆಯಲ್ಲಿ ಇರುವುದನ್ನು ‘ನರ’ ಎನ್ನುತ್ತೇವೆ, ಅಭ್ಯಾಸಬಲದಿಂದ ರೆಕ್ಕೆಗೂ ಅದನ್ನೇ ಬರೆದಿದ್ದೆ. ಆದರೆ ಕೀಟದ ರೆಕ್ಕೆಯ ಗೆರೆ ಟೊಳ್ಳು. ಅದರೊಳಗೆ ಕೀಟದ ರಕ್ತರಸ ಹರಿಯುತ್ತದೆ, ಉಸಿರ್ನಾಳ ಹಾಯುತ್ತದೆ, ನಿಜವಾದ ನರವೂ ಇರುತ್ತದೆ. ‘ನರದೊಳಗಿನ ನರ’ ಎಂದು ಬರೆಯಬೇಕಾಗಿ ಬಂದಾಗ ಪೆನ್ನು ನಿಂತಿತು. ‘ನಾಳ’ವೇ ಸರಿ ಎಂದುಕೊಂಡಿದ್ದೇನೆ. ಛತ್ರಿಯ ಕಡ್ಡಿಯಂತೆ ಪೊರೆಯನ್ನು ಬಿಗಿಯಾಗಿ ಹಿಡಿಯುವ ಅದರ ಇನ್ನೊಂದು ಕೆಲಸ ಈ ಪದದಲ್ಲಿ ಕಾಣುವುದಿಲ್ಲ, ಅದನ್ನು ವಾಕ್ಯದಲ್ಲೇ ಹೇಳುತ್ತೇನೆ.

ಕೊನೆಯದು ಕೀಟದ ಹೆಸರೇ. ಲೇಖನದ ಮುಖ್ಯ ಪಾತ್ರ, ಮರಕ್ಕೆ ಅಂಟಿ ಜೋರಾಗಿ ಕೂಗುವ ಹುಳು ಸಿಕಾಡ. ಅದರ ರೆಕ್ಕೆಯ ಮೇಲೆ ಸುಮಾರು 200 ನ್ಯಾನೋಮೀಟರ್ ಎತ್ತರದ ಕಂಬಗಳು ದಟ್ಟವಾಗಿ ನಿಂತಿರುತ್ತವೆ. ಅವುಗಳ ಮೇಲೆ ಕೂತ ಕೆಲವು ಬ್ಯಾಕ್ಟೀರಿಯಾಗಳು ಪೊರೆ ಹರಿದು ಸಾಯುತ್ತವೆ ಎಂದು 2012ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ತೋರಿಸಿದರು. ರೆಕ್ಕೆಗೆ ತೆಳುವಾಗಿ ಚಿನ್ನ ಲೇಪಿಸಿದರೂ ಬ್ಯಾಕ್ಟೀರಿಯಾ ಸತ್ತವು. ಅಂದರೆ ಅಲ್ಲಿ ಕೊಲ್ಲುತ್ತಿದ್ದದ್ದು ಆಕಾರ. ಆದರೆ ಆ ಕಂಬಗಳು ಯಾವುದರಿಂದ ಆಗಿವೆ, ಮೇಣ ಎಲ್ಲೆಲ್ಲಿ ಎಷ್ಟಿದೆ ಎಂದು ಕೇಳಿದ ಕೂಡಲೇ ನಕ್ಷೆ ಬೇಕಾಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಅಡಿಕೆ ತೋಟದಲ್ಲಿ ಉದುರಿದ್ದ ಒಂದು ರೆಕ್ಕೆಯನ್ನು ತಂದು ಅದರ ಮೇಲೆ ನೀರಿನ ಹನಿ ಬಿಟ್ಟೆ. ಹನಿ ಮಣಿಯಂತೆ ದುಂಡಗೆ ನಿಂತು, ರೆಕ್ಕೆಯನ್ನು ವಾಲಿಸಿದೊಡನೆ ಉರುಳಿಹೋಯಿತು, ಹಾದಿ ಒದ್ದೆಯಾಗಲಿಲ್ಲ. ನಮ್ಮ ಮನೆಯಲ್ಲಿ ಮರಕ್ಕೆ ಅಂಟಿ ಕಿವಿಗಡಚಿಕ್ಕುವಂತೆ ಕೂಗುವ ಆ ಹುಳುವಿಗೆ ‘ಜೀರುಂಡೆ’ ಎನ್ನುತ್ತೇವೆ. ಆದರೆ ಎಷ್ಟೋ ಪುಸ್ತಕಗಳಲ್ಲಿ ‘ಜೀರುಂಡೆ’ ಎಂದರೆ ಗಟ್ಟಿ ಚಿಪ್ಪಿನ ದುಂಬಿಯ ಬಳಗ. ನಿಮ್ಮೂರಿನಲ್ಲಿ ಜೀರುಂಡೆ ಎಂದರೆ ಯಾವುದು, ಕೂಗುವುದೋ ಚಿಪ್ಪಿನದೋ? ಊರಿನ ಹೆಸರನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ. ಅಲ್ಲಿಯವರೆಗೆ ಲೇಖನದಲ್ಲಿ ‘ಸಿಕಾಡ’ ಎಂದೇ ಇಟ್ಟಿರುತ್ತೇನೆ.