ಸಂದು: ಕೂಡುವುದೋ, ಬಿಡುವುದೋ?

‘ಸಂದು’ ಎಂಬ ಪದದ ಬಗ್ಗೆ ಬಲ್ಲವರನ್ನು ಕೇಳಬೇಕಾಗಿದೆ. ಅದು ನನ್ನನ್ನು ಪೇಚಿಗೆ ಸಿಕ್ಕಿಸಿದ್ದು ಒಂದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ನೆಪದಲ್ಲಿ.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಹಳೆಯ ವ್ಯಾನೊಂದನ್ನು ಕೊಂಡು, ಅದರ ಗೇರ್‌ಬಾಕ್ಸನ್ನು ಮನೆಯ ಗ್ಯಾರೇಜಿನಲ್ಲೇ ಇಳಿಸಿ, ಬಿಚ್ಚಿ ಕಟ್ಟುತ್ತಿದ್ದಾನೆ. ನಾನು ಕಲಬುರಗಿಯಲ್ಲಿ ಐಟಿಐ ಹುಡುಗರಿಗೆ ಮೋಟಾರು ಕೆಲಸ ಕಲಿಸಿ ನಿವೃತ್ತನಾದವನು. ‘ಕಾಕಾ, ಮುಂದೇನು?’ ಎಂದು ಅವನು ಕೇಳುತ್ತಾನೆ. ನಾನು ಕನ್ನಡದಲ್ಲಿ ಚೀಟಿ ಬರೆದು ಮೊಬೈಲಿಗೆ ಕಳಿಸುತ್ತೇನೆ. ನಡುವಿನ ಗೇರು ಸೂರ್ಯ, ಅದರ ಸುತ್ತ ತಿರುಗುವವು ಗ್ರಹಗಳು, ಹೊರಗಿನದು ಬಳೆ: ಇವೆಲ್ಲ ತಕರಾರಿಲ್ಲದೆ ಕನ್ನಡಕ್ಕೆ ಬಂದವು. ‘ಗೇರ್ ಹಾಕು’ ಎನ್ನುವುದನ್ನು ಮಾತ್ರ ಬಿಡಬೇಕಾಯಿತು. ಇಲ್ಲಿ ಒಂದನೆಯದು, ಎರಡನೆಯದು ಎಂದು ಹಾಕುವವರು ಯಾರೂ ಇಲ್ಲ, ತಾವಾಗಿಯೇ ಬೀಳುತ್ತವೆ. ‘ಗೇರ್ ಬೀಳು’ ಎಂಬ ನಮ್ಮ ಗ್ಯಾರೇಜಿನ ಹಳೆಯ ಮಾತು ಅದಕ್ಕೆ ಚೆನ್ನಾಗಿಯೇ ಒಪ್ಪಿತು.

ಎಡವಟ್ಟಾದದ್ದು ಕ್ಲಚ್ಚಿನಲ್ಲಿ. ಅದರ ಬಿಲ್ಲೆಯಂಥ ಪ್ಲೇಟುಗಳನ್ನು ಡಬ್ಬಿಯಂಥ ಡ್ರಮ್ಮಿನಲ್ಲಿ ಕೂರಿಸಿ, ಅವು ಹೊರಬಾರದಂತೆ ತಡೆಯುವ ಸರ್ಕ್ಲಿಪ್ ಎಂಬ ಉಕ್ಕಿನ ಉಂಗುರ ಹಾಕಿದ ಮೇಲೆ ‘ಮೊದಲು ಸಂದು ನೋಡು, ಆಮೇಲೆ ಮುಂದಿನ ಕೆಲಸ’ ಎಂದು ಬರೆದಿದ್ದೆ. ಹುಡುಗ ಟಾರ್ಚು ಹಿಡಿದು ಡ್ರಮ್ಮಿನ ಮೈಯೆಲ್ಲ ಹುಡುಕಿದ್ದಾನೆ. ‘ಕಾಕಾ, ಇದಕ್ಕೆ ಸಂದೇ ಇಲ್ಲ, ಒಂದೇ ತುಂಡು’ ಎಂದು ಉತ್ತರ ಬಂತು. ಅವನ ಅಜ್ಜಿಗೆ ಬಹಳ ವರ್ಷಗಳಿಂದ ಸಂದುನೋವು. ಸಂದು ಎಂದರೆ ಎರಡು ಕೂಡುವ ಜಾಗ ಎಂದೇ ಅವನು ಕೇಳಿ ಬೆಳೆದಿದ್ದಾನೆ. ನಾನು ಹೇಳಿದ್ದು ಎರಡರ ನಡುವಿನ ತೆರವನ್ನು.

ಆ ತೆರವು ಏಕೆ ಬೇಕೆಂದು ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥವಾಗದು. ಡ್ರಮ್ಮಿನಲ್ಲಿ ಒಂದು ಉಕ್ಕಿನ ಪ್ಲೇಟು, ಒಂದು ಘರ್ಷಣೆಯ ಪ್ಲೇಟು, ಹೀಗೆ ಸರದಿಯಂತೆ ಕೂರುತ್ತವೆ. ಘರ್ಷಣೆಯ ಪ್ಲೇಟುಗಳನ್ನು ಮೊದಲೇ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ನೆನೆಹಾಕಿರಬೇಕು. ಎಣ್ಣೆಯ ಒತ್ತಡ ಬಂದಾಗ ಪಿಸ್ಟನ್ ಎಲ್ಲ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ, ಗೇರು ಬೀಳುವುದು ಆಗಲೇ. ಒತ್ತಡ ಇಳಿದಾಗ ಸ್ಪ್ರಿಂಗು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಪ್ಲೇಟುಗಳು ಒಂದನ್ನೊಂದು ಬಿಟ್ಟು ಸಲೀಸಾಗಿ ತಿರುಗುತ್ತವೆ. ತೆರವು ಕಡಿಮೆಯಾದರೆ ಬಿಟ್ಟಾಗಲೂ ಉಜ್ಜಿಕೊಂಡು ಸುಡುತ್ತವೆ. ಹೆಚ್ಚಾದರೆ ಪಿಸ್ಟನ್ ದೂರ ಸಾಗಬೇಕಾಗಿ ಗೇರು ತಡವಾಗಿ ಬೀಳುತ್ತದೆ. ತೆಳು ಅಥವಾ ದಪ್ಪ ಪ್ಲೇಟು ಬದಲಿಸಿ ಇದನ್ನು ಸರಿಪಡಿಸುತ್ತಾರೆ. ಅವನ ಅಳತೆ ಇಂಚಿನ ಸಾವಿರದ ಪಾಲಿನಲ್ಲಿ, ನನ್ನದು ಮಿಲಿಮೀಟರಿನಲ್ಲಿ. ಅವನ 40 ಪಾಲು ನನ್ನ 1 ಮಿಲಿಮೀಟರಿಗೆ ಹೆಚ್ಚುಕಡಿಮೆ ಸಮ. ಅಳೆಯುವ ಉಕ್ಕಿನ ಪಟ್ಟಿಗಳಿಗೆ ಫೀಲರ್ ಗೇಜ್ ಎಂದು ಹೆಸರು. ನಮ್ಮ ಗ್ಯಾರೇಜಿನವರು ಅದನ್ನು ‘ಫಿಲ್ಲರ್ ಗೇಜ್’ ಮಾಡಿಕೊಂಡಿದ್ದಾರೆ. ತಿದ್ದಲು ನನಗೆ ಮನಸ್ಸು ಬರಲಿಲ್ಲ, ಸಂದು ತುಂಬುವ ಪಟ್ಟಿಗೆ ಅದೇ ಹೆಚ್ಚು ಹೊಂದುತ್ತದೆ!

ಸಂದು ‘ಸಂಧಿ’ಯ ತದ್ಭವ. ವ್ಯಾಕರಣದ ಸಂಧಿ ಕೂಡಿಸುವುದನ್ನೇ ಇಟ್ಟುಕೊಂಡಿತು. ತದ್ಭವ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ: ಮೊಣಕಾಲಿನ ಸಂದು ಕೂಡುವ ಜಾಗ, ಹಲ್ಲಿನ ಸಂದು ಅಡಿಕೆ ಚೂರು ಸಿಕ್ಕಿಕೊಳ್ಳುವ ಜಾಗ. ನಮ್ಮ ಮನೆಯ ಶಹಾಬಾದ್ ಕಲ್ಲಿನ ನೆಲ ನೋಡಿದಾಗ ಇದು ಹೇಗಾಯಿತೆಂದು ಹೊಳೆಯಿತು. ಎರಡು ಕಲ್ಲು ಕೂಡುವ ಗೆರೆಯೇ ಅವುಗಳ ನಡುವಿನ ತೆರವೂ ಹೌದು. ಗೌಂಡಿ ‘ಸಂದು ತುಂಬುತ್ತೇನೆ’ ಎಂದಾಗ ಯಾವ ಅರ್ಥವೆಂದು ಯಾರೂ ಕೇಳುವುದಿಲ್ಲ. ಆದರೆ ಕಲ್ಲು ಅಲುಗುವುದಿಲ್ಲ, ಕ್ಲಚ್ ಪ್ಲೇಟು ಅಲುಗುತ್ತದೆ.

ಬೇರೆ ಪದ ಹುಡುಕಿದೆ. ‘ಸಡಿಲ’ ಎಂದರೆ ದೋಷ ಎಂದು ತಿಳಿದು ಬಿಗಿ ಮಾಡಲು ಹೊರಡುತ್ತಾರೆ. ‘ಆಟ’ ಎಂದರೂ ಬೇರಿಂಗು ಸವೆದದ್ದೇ ನೆನಪಾಗುತ್ತದೆ. ‘ಎಡೆ’ ಅಚ್ಚ ಕನ್ನಡ, ಒಪ್ಪಿದೆ. ಆದರೆ ‘ಪ್ಲೇಟಿನಲ್ಲಿ ಎಡೆ ಇಡು’ ಎಂದು ಬರೆದರೆ ಹುಡುಗ ಹೋಳಿಗೆ ಹುಡುಕಿಯಾನು. ‘ಗ್ಯಾಪ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಜಗಳವಿಲ್ಲ. ಆದರೆ ಅದು ಪ್ಲಗ್ಗಿನ ತುದಿಗೂ ಬಾಗಿಲ ಕೆಳಗೂ ಒಂದೇ. ಒತ್ತಿದಾಗ ಮಾಯವಾಗಿ ಬಿಟ್ಟಾಗ ಮೂಡುವ ಗುಣ ಅದರಲ್ಲಿಲ್ಲ.

ಕೊನೆಗೆ ‘ಬಿಡುವು’ ಎಂದು ಬರೆದೆ. ಮಳೆ ಬಿಡುವು ಕೊಡುವಂತೆ ಪಿಸ್ಟನ್ ಪ್ಲೇಟಿಗೆ ಬಿಡುವು ಕೊಡುತ್ತದೆ. ‘ಬಿಡುವು ಅಳೆ’ ಎಂದೊಡನೆ ಅವನು ಪಟ್ಟಿ ತೂರಿಸಿದ. ಅರ್ಥವಾಯಿತೋ, ಹಿಂದಿನ ತಪ್ಪಿನಿಂದ ಊಹಿಸಿದನೋ, ಅದೇ ಅನುಮಾನ.

ಹಾಗಾಗಿ ಕೇಳುವುದು ಇಷ್ಟು. ಹೊತ್ತಿಗಲ್ಲದೆ ಜಾಗಕ್ಕೆ ‘ಬಿಡುವು’ ಎನ್ನುವುದನ್ನು ಯಾವುದಾದರೂ ಕಸುಬಿನಲ್ಲಿ ಕೇಳಿದ್ದೀರಾ? ಬಡಗಿಗಳು ಬಾಗಿಲಿಗೂ ಚೌಕಟ್ಟಿಗೂ ನಡುವೆ ಬಿಡುವ ಜಾಗಕ್ಕೆ ಏನೆನ್ನುತ್ತಾರೆ? ಬೀದರಿನವರು ಯಾರಾದರೂ ಇದ್ದರೆ, ಬಿದರಿ ಕೆಲಸದಲ್ಲಿ ಕೊರೆದ ಗೀರಿಗೂ ಬೆಳ್ಳಿ ತಂತಿಗೂ ನಡುವೆ ಜಾಗ ಉಳಿದುಬಿಟ್ಟರೆ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ವಿಚಾರಿಸಿ ತಿಳಿಸಬೇಕು. ಹುಡುಗನಿಗೆ ಇನ್ನೂ ಎರಡು ಡ್ರಮ್ಮು ಬಾಕಿ ಇವೆ. ಅವು ಮುಗಿಯುವುದರೊಳಗೆ ಉತ್ತರ ಬಂದರೆ ಚೀಟಿಯನ್ನು ತಿದ್ದಿ ಕಳಿಸುತ್ತೇನೆ.